ಕುರುರಿ ಬ್ಯಾಂಡನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು?

ಪ್ರಶ್ನೆ: ಜಪಾನಿನ ಕುರುರಿ ಬ್ಯಾಂಡಿನ ಒಂದು ಹಾಡು ತುಂಬಾ ಹಿಡಿಸಿತು. ಅದೇ ಥರದ್ದು ಇನ್ನಷ್ಟು ಸಿಗುತ್ತದೆ ಅಂತ ಬೇರೆ ಆಲ್ಬಂ ಹಾಕಿದೆ. ಬೇರೆ ಯಾರೋ ಹಾಡಿದ ಹಾಗಿತ್ತು! ಇವರನ್ನು ಯಾವ ಹಾಡಿನಿಂದ ಶುರು ಮಾಡಬೇಕು?

ಉತ್ತರ: 'ಬಾರಾ ನೊ ಹಾನಾ'ದಿಂದ. ಗುಲಾಬಿ ಹೂವು ಅನ್ನುವ ಹೆಸರಿನ ಈ ಹಾಡು 2001ರಲ್ಲಿ ಬಂತು. ಶುರುವಿನಲ್ಲಿ ಬರುವ ಪುಟ್ಟ ಪಿಯಾನೊ ತುಣುಕು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಡ್ರಮ್ಸ್ ಅವಸರವಿಲ್ಲದೆ ಒಂದೇ ಸಮನೆ ನಡೆಯುತ್ತದೆ. ಮಳೆ ಬರುತ್ತಿರುವ ಬೆಳಗ್ಗೆ, ಇವತ್ತೂ ಭೇಟಿ ಆಗುವುದಿಲ್ಲ. ಜಿಂಜರ್ ಏಲ್ ಕೊಂಡು ಕುಡಿದರೆ, ಇದರ ರುಚಿ ಹೀಗೇ ಇತ್ತಾ ಅನ್ನುವ ಅನುಮಾನ. ಹಾಡಿನಲ್ಲಿ ನಡೆಯುವುದು ಹೆಚ್ಚುಕಡಿಮೆ ಇಷ್ಟೇ. ಹಿಂದಿನಿಂದ ಕೇಳುವ ಹೆಣ್ಣುದನಿ ಸೂಪರ್‌ಕಾರ್ ಬ್ಯಾಂಡಿನ ಫುರುಕಾವಾ ಮಿಕಿ ಅವರದ್ದು. ಇದು ಹಿಡಿಸದಿದ್ದರೆ ಕುರುರಿ ನಿಮಗೆ ಒಗ್ಗುವುದು ಕಷ್ಟ ಅಂತಲೇ ನನ್ನ ಅಭಿಪ್ರಾಯ.

ಆಪ್‌ನಲ್ಲಿ ಹುಡುಕುವವರಿಗೆ ಒಂದು ಮಾತು. ಬ್ಯಾಂಡಿನವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಬರೆಯುವುದು ಕ್ಯೂ, ಯು, ಆರ್, ಯು, ಎಲ್, ಐ ಅಂತ. ಕೆ ಅಕ್ಷರದಿಂದ ಹುಡುಕಿದರೆ ಸಿಗದೇ ಹೋಗಬಹುದು.

ಇವರು ಕ್ಯೋಟೊದವರು. ರಿತ್ಸುಮೈಕಾನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1996ರಲ್ಲಿ ಬ್ಯಾಂಡ್ ಕಟ್ಟಿದರು. ಹಾಡು, ಗಿಟಾರ್ ಕಿಶಿದಾ ಶಿಗೆರು, ಬೇಸ್ ಸಾತೋ ಮಾಸಾಶಿ, ಡ್ರಮ್ಸ್ ಮೋರಿ ನೊಬುಯುಕಿ. ಕಿಶಿದಾ ಅವರ ದನಿ, ಆ ಸ್ವಲ್ಪ ಸೋಮಾರಿ ಅನ್ನಿಸುವ ಹಾಡುಗಾರಿಕೆ, ಅವತ್ತಿನಿಂದ ಇವತ್ತಿನವರೆಗೂ ಜಾಸ್ತಿ ಬದಲಾಗಿಲ್ಲ. ಬದಲಾಗುವುದು ಅದರ ಕೆಳಗಿನ ತಾಳ. ಹಾಗಾಗಿ ಆಲ್ಬಂ ವರಸೆ ಹಿಡಿದು ಕೇಳುವುದಕ್ಕಿಂತ ಡ್ರಮ್ಸ್ ಮೇಲೆ ಕಿವಿಯಿಟ್ಟು ಆರಿಸಿಕೊಳ್ಳುವುದು ಒಳ್ಳೆಯದು.

ಗಿಟಾರ್ ರಾಕ್ ಇಷ್ಟ ಅನ್ನುವವರಿಗೆ 1998ರ ಮೊದಲ ಸಿಂಗಲ್ 'ಟೋಕಿಯೊ'. ಊರು ಬಿಟ್ಟು ಟೋಕಿಯೊಗೆ ಬಂದವನೊಬ್ಬ ಹಿಂದೆ ಬಿಟ್ಟು ಬಂದವಳನ್ನು ನೆನೆಯುತ್ತಾನೆ. ಮೆಲ್ಲಗೆ ಶುರುವಾಗಿ ಕೊನೆಗೆ ಗಿಟಾರ್‌ಗಳು ಅಬ್ಬರಿಸುತ್ತವೆ. ಅದಾದ ಮೇಲೆ 2002ರ 'ವರ್ಲ್ಡ್ಸ್ ಎಂಡ್ ಸೂಪರ್‌ನೋವಾ' ಹಾಕಿ ನೋಡಿ. ಡಾನ್ಸ್ ಕ್ಲಬ್ಬಿನ ಹಾಗೆ ಒಂದೇ ಸಮ ದಮ್ ದಮ್ ದಮ್ ದಮ್. ನಾಲ್ಕೇ ವರ್ಷದಲ್ಲಿ ಇಷ್ಟು ದೂರ! ಅದೇ 2002ರಲ್ಲಿ ಮೋರಿ ಬ್ಯಾಂಡ್ ಬಿಟ್ಟರು. 2004ರ 'ಆಂಟೆನಾ' ಆಲ್ಬಂನಲ್ಲಿ ಡ್ರಮ್ಸ್ ಹಿಂದೆ ಕೂತವರು ಅಮೆರಿಕದ ಕ್ರಿಸ್ಟೋಫರ್ ಮೆಗ್ವಾಯರ್. ಅದರಿಂದ 'ರಾಕ್ ಆಂಡ್ ರೋಲ್' ಅನ್ನುವ ಹಾಡೊಂದು ಸಾಕು. ಹೆಸರಿಗೆ ತಕ್ಕ ಹಾಗೆ ನೇರವಾಗಿ, ಜೋರಾಗಿದೆ.

ಮೆಲುವಾದದ್ದು ಬೇಕಾದರೆ 2003ರ 'ಹೈವೇ'. 'ಜೋಸೆ, ಹುಲಿ ಮತ್ತು ಮೀನು' ಅನ್ನುವ ಸಿನಿಮಾಕ್ಕೆ ಸಂಗೀತ ಕೊಟ್ಟಿದ್ದು ಇವರೇ. ಇದು ಆ ಸಿನಿಮಾದ ಹಾಡು. ತಾನು ಊರು ಬಿಟ್ಟು ಹೊರಡಲು ಹತ್ತಿರ ಹತ್ತಿರ ನೂರು ಕಾರಣಗಳಿವೆ ಅನ್ನುತ್ತಾನೆ ಹಾಡುವವನು. ಅದರಲ್ಲಿ ಒಂದು, ಡ್ರೈವಿಂಗ್ ಲೈಸೆನ್ಸ್ ಮಾಡಿಸೋಣ ಅನ್ನಿಸಿರುವುದು!

ಇನ್ನು ರೈಲಿನ ಹುಚ್ಚಿರುವವರಿಗೆ. ಕಿಶಿದಾ ಕೂಡ ಅಂಥವರೇ. 2005ರ 'ಅಕಾಯ್ ದೆನ್ಶಾ', ಅಂದರೆ ಕೆಂಪು ರೈಲು, ಟೋಕಿಯೊ ಕಡೆಯ ಕೇಕ್ಯು ರೈಲ್ವೆಯ ಮೇಲೆ ಬರೆದ ಹಾಡು. ಆ ಕಂಪನಿಯ ಕೆಲವು ರೈಲುಗಳಲ್ಲಿ ಜರ್ಮನಿಯ ಸೀಮನ್ಸ್ ಕಂಪನಿಯ ಇನ್ವರ್ಟರ್ ಇತ್ತು. ಮೋಟರಿಗೆ ಹೋಗುವ ಕರೆಂಟನ್ನು ಹದ ಮಾಡುವ ಸಾಧನ ಅದು. ರೈಲು ಹೊರಡುವಾಗ ಅದರಿಂದ ಹೊರಡುವ ಸದ್ದು ಸರಿಗಮ ಹಾಡಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಿತ್ತು. ಆ ಸ್ವರಗಳನ್ನೂ ಹಾಡಿನೊಳಗೆ ತಂದಿದ್ದಾರೆ. ಮುಂದೆ ಹನೇಡಾ ವಿಮಾನ ನಿಲ್ದಾಣದ ಸ್ಟೇಷನ್‌ನಲ್ಲಿ ಕೇಕ್ಯುದವರು ಇದೇ ಹಾಡಿನ ಧಾಟಿಯನ್ನು ಬಳಸಿದರು. ರೈಲುಗಳ ಆ ಸರಿಗಮ ಮಾತ್ರ 2021ರ ಹೊತ್ತಿಗೆ ನಿಂತುಹೋಯಿತು. ಸುಮ್ನೆ ಖುಷಿಗೆ ಕೇಳುವ ಹಾಡು ಇದು, ದೊಡ್ಡ ಅರ್ಥ ಹುಡುಕುವುದು ಬೇಡ.

ನನಗೆ ಬೆರಗು ಹುಟ್ಟಿಸಿದ್ದು 2007ರ ತಿರುವು. ಇದ್ದಕ್ಕಿದ್ದ ಹಾಗೆ ವಿಯೆನ್ನಾಕ್ಕೆ ಹೋಗಿ, ಅಲ್ಲಿನ ಪಿಟೀಲು ವಾದಕರನ್ನು ಕೂರಿಸಿಕೊಂಡು, ಮೂರೆಣಿಕೆ ತಾಳದ ಯುರೋಪಿನ ಕುಣಿತವಾದ ವಾಲ್ಟ್ಸ್ ಹೆಸರಿನ ಆಲ್ಬಂ ಮಾಡಿಕೊಂಡು ಬಂದರು. ರಾಕ್ ಬ್ಯಾಂಡಿನವರು ವಯೊಲಿನ್ ಸೇರಿಸುವುದೇನೂ ಹೊಸದಲ್ಲ. ಎಷ್ಟೋ ಸಲ ಅದು ಮೇಲಿನ ಅಲಂಕಾರ ಅಷ್ಟೇ. ಇಲ್ಲಿ ಹಾಗಲ್ಲ. 'ಜುಬಿಲಿ' ಹಾಡಿನಲ್ಲಿ ವಯೊಲಿನ್‌ಗಳನ್ನು ತೆಗೆದರೆ ಹಾಡೇ ಬಿದ್ದುಹೋಗುತ್ತದೆ. ಅದಾದ ಮೇಲೆ 'ಬ್ರೆಮೆನ್' ಕೇಳಿ. ಕಿಶಿದಾ ಅವರಿಗೆ ಆ ಗೀಳು ಬಿಡಲೇ ಇಲ್ಲ ಅನ್ನಬೇಕು. ಮುಂದೆ ಪೂರ್ತಿ ಸಿಂಫನಿಯನ್ನೇ, ಅಂದರೆ ದೊಡ್ಡ ವಾದ್ಯವೃಂದ ನುಡಿಸುವ ಉದ್ದದ ಕೃತಿಯನ್ನೇ, ಬರೆದರು. ಕ್ಯೋಟೊದ ಆರ್ಕೆಸ್ಟ್ರಾ ಅದನ್ನು 2016ರಲ್ಲಿ ನುಡಿಸಿತು.

ಅದೇ ವರ್ಷ ಇದೇ ಮನುಷ್ಯ ರ್‍ಯಾಪ್ ಮಾಡುತ್ತಾ ಶಾಂಘೈ ಏಡಿ ತಿನ್ನುವ ಬಗ್ಗೆ ಹಾಡಿದರು! 'ಕೊಹಾಕುಯಿರೊ ನೊ ಮಾಚಿ, ಶಾಂಘೈ ಗಾನಿ ನೊ ಆಸಾ' ಅಂತ ಹೆಸರು. ಹಿಪ್ ಹಾಪ್ ಕೇಳುವ ಗೆಳೆಯರಿಗೆ ಮೊದಲು ಇದನ್ನೇ ಕಳಿಸಿ.

2014ರ 'ಲಿಬರ್ಟಿ ಆಂಡ್ ಗ್ರಾವಿಟಿ' ಮಾತ್ರ ಈಗಲೇ ಬೇಡ. ಯಾವ ದೇಶದ ಹಾಡು ಅಂತಲೂ ಗೊತ್ತಾಗುವುದಿಲ್ಲ, ದಾರಿ ನಡುವೆ ನಾಲ್ಕಾರು ಸಲ ತಿರುಗುತ್ತದೆ. ಮೇಲಿನವೆಲ್ಲ ಪರಿಚಯವಾದ ಮೇಲೆ ಕೇಳಿದರೆ ನಗು ಬರುತ್ತದೆ, ಮೊದಲೇ ಕೇಳಿದರೆ ತಲೆನೋವು.

ಹೊಸದು ಬೇಕೆಂದರೆ 2023ರ ಆಲ್ಬಂ ಇದೆ. ಹಳೆಯ ಡ್ರಮ್ಮರ್ ಮೋರಿ ಅದಕ್ಕಾಗಿ ವಾಪಸ್ ಬಂದರು. ಮೂವರೂ ಇಜು ಎಂಬಲ್ಲಿನ ಸ್ಟುಡಿಯೊದಲ್ಲಿ ಕೂತು, ನುಡಿಸುತ್ತಾ ನುಡಿಸುತ್ತಾ ಹಾಡು ಕಟ್ಟಿದರು. ಅದರಲ್ಲಿ 'ಕ್ಯಾಲಿಫೋರ್ನಿಯಾ ಕೋಕೋನಟ್ಸ್' ಮೊದಲು ಕೇಳಿ.