‘ಪಕ್ಕಿ’ ಎಂದ ಮಗು ತಪ್ಪು ಓದಿಲ್ಲ

ಅಕ್ಷರ ಬಂದರೆ ಓದು ಬಂದ ಹಾಗೆ ಎಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ದೆವ್ವದ ನಂಬಿಕೆಗಿಂತ ಗಟ್ಟಿ. ಬುಡಕಟ್ಟು ಮಕ್ಕಳ ಮೊದಲ ಓದಿನ ಪುಸ್ತಕ ಅವರ ಮನೆಮಾತಿನಲ್ಲೇ ಯಾಕಿರಬೇಕು, ಹೇಗಿರಬೇಕು ಎಂಬುದು ಇಲ್ಲಿಯ ಮಾತು. ಕುದುರೆಮುಖ ಸೀಮೆಯ ಮಲೆಕುಡಿಯ ಬುಡಕಟ್ಟಿನವರ ಮನೆಮಾತು ತುಳು. ತುಳುವಿನಲ್ಲಿ ಹಕ್ಕಿ ‘ಪಕ್ಕಿ’, ಹುಲಿ ‘ಪಿಲಿ’, ಹೂವು ‘ಪೂ’, ಮನೆ ‘ಇಲ್ಲ್’. ಮನೆಯ ಚಿತ್ರ ತೋರಿಸಿ ‘ಇದೇನು?’ ಎಂದರೆ ಐದು ವರ್ಷದ ಮಗು ‘ಇಲ್ಲ್’ ಎನ್ನುತ್ತದೆ. ಟೀಚರಿಗೆ ಕೇಳುವುದು ‘ಇಲ್ಲ’. ಮಗುವಿಗೆ ಗೊತ್ತಿಲ್ಲ ಎಂದು ಅಲ್ಲಿಗೆ ತೀರ್ಮಾನ.

‘ಪಕ್ಕಿ’ ಒರಟು ಮಾತು, ‘ಹಕ್ಕಿ’ ಶುದ್ಧ ಎನ್ನುವವರು ಒಮ್ಮೆ ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗಿಬರಲಿ. ಅಲ್ಲಿ ಸಿಕ್ಕ ಹಳೆಯ ಕನ್ನಡ ಶಾಸನದ ಮೂಲ ಕಲ್ಲು ಮೈಸೂರು ಸೇರಿದೆ, ಊರಲ್ಲಿರುವುದು ಪ್ರತಿಕೃತಿ, ಅಕ್ಷರ ಅವೇ. ಸುಮಾರು ಕ್ರಿ.ಶ. 450ರ ಆ ಶಾಸನದಲ್ಲಿ ‘ಹೊಗಳೆ’ ಇಲ್ಲ, ‘ಪೊಗೞೆ’ ಇದೆ. ಕನ್ನಡದ ಪಕಾರ ಹಕಾರಕ್ಕೆ ಜಾರತೊಡಗಿದ್ದು ಹತ್ತನೇ ಶತಮಾನದ ಆಸುಪಾಸಿನಲ್ಲಿ. ತುಳು ಜಾರಲಿಲ್ಲ, ಅಷ್ಟೆ.

ಈಗ ಮಗುವಿನ ತಲೆಯೊಳಗೆ ನಡೆಯುವುದನ್ನು ನೋಡೋಣ. ವರ್ಣಮಾಲೆಯಲ್ಲಿ 49 ಅಕ್ಷರ ಎನ್ನುತ್ತೇವೆ. ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಕನ್ನಡದ ಮಕ್ಕಳಿಗೂ ಇವು ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿವರೆಗೆ ಹಿಡಿಯುತ್ತದೆಂದು ಓದಿನ ಕಲಿಕೆಯ ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಹೊಸದಾಗಿ ಓದುವ ಮಗುವಿನ ನೆನಪು ಸೋರುವ ಬಿಂದಿಗೆ: ನಾಲ್ಕನೇ ಅಕ್ಷರ ತುಂಬುವ ಹೊತ್ತಿಗೆ ಮೊದಲನೆಯದು ಸೋರಿರುತ್ತದೆ. ಪದ ಮೊದಲೇ ಕಿವಿಗೆ ಬಿದ್ದದ್ದಾದರೆ ಎರಡನೇ ಅಕ್ಷರಕ್ಕೇ ಅದು ಹೊಳೆಯುತ್ತದೆ, ಸೋರುವ ಮೊದಲೇ ನೀರು ಹಂಡೆ ಸೇರುತ್ತದೆ. ಇನ್ನೊಂದು ರೀತಿ ಹೇಳುವುದಾದರೆ, ಜಾರುವ ಬದುವಿನ ಮೇಲೆ ನಡೆಯುವವನ ಕಣ್ಣೆಲ್ಲ ಕಾಲಿನ ಮೇಲೆ. ಪಕ್ಕದ ಗದ್ದೆಯಲ್ಲಿ ಏನು ಬೆಳೆದಿದೆ ಎಂದು ಅವನನ್ನು ಕೇಳಬಾರದು. ಅಕ್ಷರವೂ ಹೊಸದು, ಪದವೂ ಹೊಸದು, ಚಿತ್ರದ ಲೋಕವೂ ಹೊಸದು ಎಂದರೆ ಬದು, ಕತ್ತಲೆ, ಮಳೆ ಮೂರೂ ಒಟ್ಟಿಗೆ.

ಇದು ದೊಡ್ಡವರನ್ನೂ ಬಿಟ್ಟಿಲ್ಲ. 1979ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾರತೀಯರಿಗೂ ಅಮೆರಿಕನ್ನರಿಗೂ ಎರಡು ಮದುವೆಗಳ ವರ್ಣನೆ ಓದಲು ಕೊಟ್ಟರು, ಒಂದು ಇಲ್ಲಿಯದು, ಒಂದು ಅಲ್ಲಿಯದು. ಎರಡೂ ಕಡೆಯವರು ತಮ್ಮ ಮದುವೆಯನ್ನು ಬೇಗ ಓದಿದರು, ಹೆಚ್ಚು ನೆನಪಿಟ್ಟರು. ಅಮೆರಿಕದ ಮದುಮಗಳು ಅಜ್ಜಿಯ ಕಾಲದ ಉಡುಪು ತೊಟ್ಟದ್ದು ಅಲ್ಲಿಯವರಿಗೆ ಹೆಮ್ಮೆಯ ವಿಷಯ. ಓದಿದ ಭಾರತೀಯರೊಬ್ಬರಿಗೆ ಅದು ಹಳೆಯ, ಫ್ಯಾಷನ್ ಹೋದ ಬಟ್ಟೆ. ಅಕ್ಷರದಲ್ಲಿ ತಪ್ಪಿಲ್ಲ, ಅರ್ಥ ಮಾತ್ರ ಬೇರೆ ಊರಿಗೆ ಹೋಯಿತು.

ಹಾಗಾದರೆ ಮನೆಮಾತಿನ ಮೊದಲ ಪುಸ್ತಕ ಹೇಗಿರಬೇಕು? ಎ4 ಹಾಳೆ ಮಡಚಿದರೆ ನಾಲ್ಕು ಪುಟ. ಮೂರು ಹಾಳೆಗೆ ಹನ್ನೆರಡು, ಮೇಲೊಂದು ರಟ್ಟು, ಮಡಿಕೆಯಲ್ಲಿ ಎರಡು ಪಿನ್ನು. ಪುಟಕ್ಕೆ ಮೂರರಿಂದ ಐದು ಪದ, ಹೊಸ ಪದ ಒಂದೇ, ಅದು ಮುಂದೆ ಮೂರು ಸಲವಾದರೂ ಮರಳಿ ಬರಬೇಕು. ‘ಪುಚ್ಚೆ ಓಲುಂಡು? ಇಲ್ಲಡ್ ಉಂಡು.’ ಬೆಕ್ಕು ಎಲ್ಲಿದೆ, ಮನೆಯಲ್ಲಿದೆ. ಪ್ರಶ್ನೆ ಹಾಗೇ ಇರಲಿ, ಪ್ರಾಣಿ ಬದಲಾಗಲಿ. ಒತ್ತಕ್ಷರವೇ ಬೇಡ ಎನ್ನುವುದು ಮೂರ್ಖತನ. ಅಮ್ಮ, ಅಪ್ಪ, ಅಜ್ಜಿ ಎಲ್ಲರೂ ಹೊರಗುಳಿಯುತ್ತಾರೆ. ಸಜಾತಿ ಒತ್ತು ಮೊದಲು ಬರಲಿ, ವಿಜಾತಿ ಆಮೇಲೆ. ಅಕ್ಷರ 28 ಪಾಯಿಂಟಿಗಿಂತ ಚಿಕ್ಕದಾಗಬಾರದು. ಸಾಲುಗಳ ನಡುವೆ ಜಾಗ ಧಾರಾಳವಾಗಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲಿ ಮಗು ಎರಡನ್ನೂ ಒಂದೇ ಅಕ್ಷರವೆಂದು ನೋಡುತ್ತದೆ. ‘ಇಲ್ಲ್’ ಅನ್ನು ‘ಇಲ್ಲು’ ಎಂದು ತಿದ್ದುವ ಪ್ರೂಫ್ ರೀಡರ್ ಮೇಲೂ ಒಂದು ಕಣ್ಣಿರಲಿ.

ಒಂದೇ ಪುಟದಲ್ಲಿ ಎರಡು ಭಾಷೆ ಹಾಕುವುದು ಉಳಿತಾಯದಂತೆ ಕಾಣುತ್ತದೆ. ಆದರೆ ಟೀಚರ್ ಕಣ್ಣು ಕನ್ನಡದ ಸಾಲಿಗೇ ಬೀಳುತ್ತದೆ, ಮನೆಮಾತಿನ ಸಾಲು ಅಲಂಕಾರವಾಗುತ್ತದೆ. ಅದೇ ಚಿತ್ರಗಳಿಟ್ಟು ಎರಡು ಪುಸ್ತಕ ಮಾಡಿ: ಮೊದಲು ಮನೆಮಾತಿನದು, ಅದು ಬಾಯಿಗೆ ಬಂದ ಮೇಲೆ ಕನ್ನಡದ್ದು. ಕಥೆ ಗೊತ್ತಿರುವುದರಿಂದ ಎರಡನೆಯದರಲ್ಲಿ ಕಲಿಯಬೇಕಾದದ್ದು ಪದ ಮಾತ್ರ. ಮನೆಮಾತು ಕಲಿಸಿದರೆ ಕನ್ನಡ ಕೆಡುತ್ತದೆ ಎಂಬ ಭಯಕ್ಕೆ ಬೇರೆ ಉತ್ತರ ಬೇಕಿಲ್ಲ.

ಹೆಚ್ಚು ಕೆಡುವುದು ಚಿತ್ರದಲ್ಲಿ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ, ಹಿಂದೆ ಹಕ್ಕಿ ಹಿಡಿದು ಬದುಕುತ್ತಿದ್ದ ಹಕ್ಕಿಪಿಕ್ಕಿ ಬುಡಕಟ್ಟಿನವರ ಕಾಲೊನಿ ಇದೆ. ಅವರ ವಾಗ್ರಿಬೋಲಿ ಗುಜರಾತಿಗೆ ಹತ್ತಿರದ್ದು, ಕನ್ನಡದ ಕುಟುಂಬದ್ದೇ ಅಲ್ಲ. ಕಲಾವಿದರು ಹಕ್ಕಿಪಿಕ್ಕಿ ಎಂದ ಕೂಡಲೇ ಬಲೆ, ಗುಡಿಸಲು, ತಲೆಗೊಂದು ಗರಿ ಬರೆಯುತ್ತಾರೆ. 2023ರಲ್ಲಿ ಸುಡಾನಿನ ಕಾಳಗದ ನಡುವೆ ಸಿಕ್ಕಿಬಿದ್ದ ಕನ್ನಡನಾಡಿನವರಲ್ಲಿ ಔಷಧಿ, ಎಣ್ಣೆ ಮಾರಲು ಹೋಗಿದ್ದ ಹಕ್ಕಿಪಿಕ್ಕಿಗಳೇ ಬಹಳ ಮಂದಿ. ಆ ಸಮುದಾಯದ ಮಗುವಿಗೆ ಪಾಸ್‌ಪೋರ್ಟ್, ಎಣ್ಣೆ ಬಾಟಲಿ ಬಲೆಗಿಂತ ಹೆಚ್ಚು ಪರಿಚಯವಿರಬಹುದು.

ಆದ್ದರಿಂದ ಅಚ್ಚಿಗೆ ಕೊಡುವ ಮೊದಲು ಜೆರಾಕ್ಸ್ ಪ್ರತಿಯನ್ನು ನಾಲ್ಕೈದು ಮಕ್ಕಳ ಕೈಗೆ ಕೊಟ್ಟು ಬೆರಳು ಎಲ್ಲಿ ನಿಲ್ಲುತ್ತದೆಂದು ಗುರುತು ಹಾಕಿಕೊಳ್ಳಬೇಕು. ಆಮೇಲೆ ಹಾಡಿಯ ಅಜ್ಜಿಯೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ತಮಾಷೆ ಇಲ್ಲದ ಕಡೆ ಅಜ್ಜಿ ನಕ್ಕರೆ ಆ ಪದ ಪಕ್ಕದ ಬೆಟ್ಟದ್ದು.