ಕೃತಕ ಸ್ನಾಯು: ಹುರಿಗೊಂಡ ದಾರದ ಬಲ

ಗಟ್ಟಿಮುಟ್ಟಾದ ಆಳನ್ನು ಕಂಡರೆ ‘ಹುರಿಗಟ್ಟಿದ ಮೈ’ ಎನ್ನುತ್ತೇವೆ. ನಮ್ಮ ಶಿಡ್ಲಘಟ್ಟದಲ್ಲಿ ಹುರಿ ಅಂದರೆ ಮೊದಲು ನೆನಪಾಗುವುದು ರೇಷ್ಮೆ ನೂಲು. ಹುರಿಗೂ ತೋಳಿನ ಬಲಕ್ಕೂ ಇರುವ ಈ ನಂಟನ್ನು ಕೃತಕ ಸ್ನಾಯು ನಿಜ ಮಾಡಿದೆ.

ಸ್ನಾಯುವಿನ ಕೆಲಸ ಕುಗ್ಗಿ ಎಳೆಯುವುದು, ಮತ್ತೆ ಸಡಿಲಾಗುವುದು. ಶಾಖ, ವಿದ್ಯುತ್ತು ಅಥವಾ ಗಾಳಿಯ ಒತ್ತಡ ಕೊಟ್ಟಾಗ ಹೀಗೆ ಕುಗ್ಗಿ, ಅದು ನಿಂತಾಗ ಮೊದಲಿನ ಉದ್ದಕ್ಕೆ ಮರಳುವ ರಚನೆಯೇ ಕೃತಕ ಸ್ನಾಯು. ಮೋಟರಿನ ಸುತ್ತಾಟವನ್ನು ಎಳೆತವಾಗಿಸಲು ಗೇರು ಬೇಕು. ಇದಕ್ಕೆ ಬೇಡ; ಬಟ್ಟೆಯೊಳಗೆ ಸೇರಿಸಿ ಹೊಲಿಯುವಷ್ಟು ಮೆತ್ತಗಿರಬಲ್ಲದು.

1950ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕಿಬೆನ್, ಪೋಲಿಯೊ ತಗುಲಿದ ಮಗಳಿಗಾಗಿ ಗಾಳಿಯ ಸ್ನಾಯು ರೂಪಿಸಿದರು. ಹೆಣೆದ ಬಲೆಯೊಳಗೆ ರಬ್ಬರ್ ಕೊಳವೆ. ಗಾಳಿ ತುಂಬಿದರೆ ದಪ್ಪಗಾಗಿ ಉದ್ದ ಕಡಿಮೆಯಾಗುತ್ತದೆ. ನಿಕಲ್ ಮತ್ತು ಟೈಟಾನಿಯಂ ಬೆರೆಸಿದ ನಿಟಿನಾಲ್ ತಂತಿಯೂ ಕಾದಾಗ ಕುಗ್ಗುತ್ತದೆ.

ನನ್ನನ್ನು ಬೆರಗಾಗಿಸಿದ್ದು 2014ರಲ್ಲಿ ಡಲ್ಲಾಸ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ರೇ ಬಾಗ್‌ಮನ್ ತಂಡ ತೋರಿಸಿದ ಸ್ನಾಯು. ಕಚ್ಚಾವಸ್ತು ಮೀನಿನ ಗಾಳದ ನೈಲಾನ್ ದಾರ! ಹುರಿ ಮಿತಿಮೀರಿದರೆ ದಾರ ತಾನೇ ಸುರುಳಿ ಸುತ್ತಿಕೊಳ್ಳುತ್ತದೆ. ನೂಲು ಹುರಿ ಮಾಡುವವರಿಗೆ ಅದು ತಲೆನೋವು, ಇವರಿಗೆ ಬೇಕಾಗಿದ್ದುದೇ ಅದು. ಕಾಯಿಸಿದಾಗ ನೈಲಾನ್ ಎಳೆ ಉದ್ದದಲ್ಲಿ ಕುಗ್ಗಿ ಅಡ್ಡಕ್ಕೆ ಹಿಗ್ಗುತ್ತದೆ, ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ. ತುದಿಗಳು ತಿರುಗದಂತೆ ಹಿಡಿದಿದ್ದರೆ ಆ ಬಲವೆಲ್ಲ ಸುರುಳಿಗಳನ್ನು ಒಂದಕ್ಕೊಂದು ಹತ್ತಿರ ಎಳೆಯುತ್ತದೆ. ಹೀಗೆ ಶೇ. 49ರವರೆಗೆ ಕುಗ್ಗಿತು, ನಮ್ಮ ಸ್ನಾಯು ಕುಗ್ಗುವುದು ಸುಮಾರು ಶೇ. 20. ಅಷ್ಟೇ ಉದ್ದ, ಅಷ್ಟೇ ತೂಕದ ಮನುಷ್ಯನ ಸ್ನಾಯು ಎತ್ತುವುದರ 100 ಪಟ್ಟು ಭಾರವನ್ನು ಅದು ಎತ್ತಿತು. ಸುರುಳಿಯನ್ನು ಹುರಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ಕಾದಾಗ ಅದೇ ದಾರ ಉದ್ದವಾಗುತ್ತದೆ.

ಇದನ್ನೆಲ್ಲ ಓದುವಾಗ ನನ್ನ ಕಣ್ಣೆದುರಿಗಿದ್ದದ್ದು ಅಮ್ಮನ ಮಂಡಿ ಬೆಲ್ಟು. ಬೆಳಗ್ಗೆ ಬಿಗಿದದ್ದು ನಾಲ್ಕು ಹೆಜ್ಜೆ ಓಡಾಡಿದರೆ ಜಾರುತ್ತದೆ. ಸಂಜೆ ಕಾಲು ಊದಿಕೊಂಡಾಗ ಅದೇ ಬೆಲ್ಟು ಒತ್ತಿ ಬರೆ ಮೂಡಿಸುತ್ತದೆ. “ಒಂದಿಷ್ಟು ಸಡ್ಲ ಮಾಡಪ್ಪ” ಅನ್ನುತ್ತಾಳೆ. ಆ ಸಡಿಲಿಕೆಯನ್ನು ಬೆಲ್ಟೇ ಮಾಡಿಕೊಂಡರೆ ಅದು ಸ್ವಯಂ ಹೊಂದಾಣಿಕೆ: ಒತ್ತಡ ಅಳೆಯುವ ಸೆನ್ಸರ್, ಎಷ್ಟು ಬೇಕೆಂದು ಲೆಕ್ಕ ಹಾಕುವ ಎಲೆಕ್ಟ್ರಾನಿಕ್ ಚಿಪ್, ಎಳೆಯಲು ಕೃತಕ ಸ್ನಾಯು. ಮೆಟ್ಟಿಲು ಹತ್ತುವಾಗ ಬಿಗಿ, ಕೂತಾಗ ಸಡಿಲ.

ತೊಡಕುಗಳೂ ಸಣ್ಣವಲ್ಲ. ಗಾಳಿಯದಕ್ಕೆ ಪಂಪು ಹೊರಬೇಕು. ನೈಲಾನ್ ಸ್ನಾಯುವಿಗೆ ಕೊಟ್ಟ ಶಾಖದಲ್ಲಿ ಬಹುಪಾಲು ವ್ಯರ್ಥ, ಆ ಬಿಸಿ ಚರ್ಮಕ್ಕೆ ತಾಕಲೂಬಾರದು. ಬ್ಯಾಟರಿ ಮುಗಿದರೆ ಅದು ತಣ್ಣಗಾಗಿ ಸಡಿಲಾಗುತ್ತದೆ. ಅಮ್ಮನ ಮಂಡಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಉಳಿಯುವುದಿಲ್ಲ, ಅದೊಂದು ಸಮಾಧಾನ. ಆದರೆ ಮಂಡಿಗೆ ಆಸರೆ ಬೇಕಿರುವಷ್ಟು ಹೊತ್ತೂ ಅದನ್ನು ಕಾಯಿಸುತ್ತಲೇ ಇರಬೇಕು.