ಸ್ಪ್ರಿಂಗ್ ಆಮೇಲೆ ನೋಡುವಾ, ಮೊದ್ಲು ಬುಶ್ ಬಿಚ್ಚಿ

ಹಳೇ ಸ್ಪೋರ್ಟ್ಸ್ ಕಾರ್ ತಗೊಂಡವ್ರು ಗ್ಯಾರೇಜಿಗೆ ಬಂದ್ರೆ ಮೊದ್ಲು ಕೇಳೋದೇ ಗಟ್ಟಿ ಸ್ಪ್ರಿಂಗು, ಗಾಡಿ ಸ್ವಲ್ಪ ಕೆಳಗೆ ಕೂರ್ಬೇಕು ಹೇಳಿ. ಯೂಟ್ಯೂಬಲ್ಲಿ ನೋಡಿದ್ದು ಇಂಗ್ಲೆಂಡಿನ ರೇಸ್ ಟ್ರ್ಯಾಕು, ಓಡ್ಸೋದು ಮಾತ್ರ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹೈವೇ ಹಿಡಿದು ಕಾರವಾರ, ಅದೂ ಮಳೆಗಾಲದ ಹೊಂಡ ಇನ್ನೂ ಮುಚ್ಚಿರೋದಿಲ್ಲ. ಅದಕ್ಕೇ ನಾನು ಸ್ಪ್ರಿಂಗ್ ಮಾತು ಕೊನೆಗೆ ಎತ್ತೋದು. ಬುಶ್ (ಚಕ್ರ ಹಿಡಿಯೋ ಭಾಗಗಳ ಕೀಲಲ್ಲಿ ಕೂರೋ ರಬ್ಬರು) ಮೊದ್ಲು, ಆಮೇಲೆ ಶಾಕು (ಸ್ಪ್ರಿಂಗಿನ ಕುಣಿತ ತಡೆಯೋ ಶಾಕ್ ಅಬ್ಸಾರ್ಬರ್), ಅಷ್ಟಾದ್ಮೇಲೂ ಗಾಡಿ ಸರಿ ಅನಿಸ್ಲಿಲ್ಲ ಅಂದ್ರೆ ಸ್ಪ್ರಿಂಗು. ಹೆಚ್ಚಿನ ಗಾಡಿ ಅಲ್ಲಿ ತನಕ ಬರೋದೇ ಇಲ್ಲ.

ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರ್ ಎಂಜಿಬಿ ಉದಾಹರಣೆ ಇಟ್ಕೊಳ್ಳುವಾ. 1962ರಿಂದ 1980ರ ತನಕ ಬಂದ ಗಾಡಿ, ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ನಮ್ಮ ಅಂಬಾಸಿಡರ್ ಥರಾನೇ ಪಾಟಾ (ಪಟ್ಟಿ ಸ್ಪ್ರಿಂಗ್) ಮೇಲೆ ಕೂತ ಹೌಸಿಂಗು ಅಂದ್ರೆ ಹಿಂದಿನ ಆಕ್ಸಲ್, ನಾಲ್ಕೂ ಕಡೆ ಲಿವರ್ ಶಾಕು, ಅಂದ್ರೆ ಕೈ ಥರದ ಲಿವರ್ ಆಡ್ಸೋ, ಒಳಗೆ ಆಯಿಲ್ ಇರೋ ಶಾಕು. ಮುಂದಿನ ಕೆಳಗಿನ ವಿಶ್‌ಬೋನಿನ (ಚಕ್ರ ಹಿಡಿಯೋ ಕವೆ ಆಕಾರದ ಕೈಯ) ಒಳಬದಿಯ ಬುಶ್ ಎರಡು ತುಂಡಿನ ಸಾದಾ ರಬ್ಬರು, ಇಂಜಿನ್ ಆಯಿಲ್ ಸೋರಿ ಅದರ ಮೇಲೆ ಬಿದ್ದೂ ಬಿದ್ದೂ ಉಬ್ಬಿ ಮೆತ್ತಗಾಗಿರ್ತದೆ, ಗಾಡಿ ತಿರುವಲ್ಲಿ ಅತ್ತಿತ್ತ ಎಳೀತದೆ ಅಂದ್ರೆ ಅರ್ಧ ಕಾರಣ ಅಲ್ಲೇ ಇರ್ತದೆ. ಅದರ ಬದ್ಲು 1973ರಲ್ಲಿ ಬಂದ ಎಂಜಿಬಿಯದೇ ಜಿಟಿ ವಿ8 ಮಾಡೆಲ್ಲಿನ ಬುಶ್ ಕೂರ್ತದೆ, ನಡುವೆ ಕಬ್ಬಿಣದ ಸ್ಲೀವಿಗೆ ರಬ್ಬರ್ ಅಂಟಿಸಿದ ಒಂದೇ ಪೀಸು. ನಮ್ಮ ರಸ್ತೆಗೆ ನಾನು ಹಾಕೋದು ಅದನ್ನೇ.

ಪಾಲಿಯುರಿಥೇನ್ (ಗಟ್ಟಿ ಪ್ಲಾಸ್ಟಿಕ್ ಥರದ) ಬುಶ್ ಹಾಕಿ ಹೇಳಿ ಕೇಳೋರು ಬಹಳ ಜನ, ಬಣ್ಣ ಚಂದ ನೋಡಿ. ಅದು ರಬ್ಬರಿನ ಹಾಗೆ ತಿರುಚ್ಕೊಳ್ಳೋದಿಲ್ಲ, ಪಿನ್ನಿನ ಮೇಲೆ ಜಾರಿ ತಿರುಗ್ತದೆ, ಹಾಗಾಗಿ ಒಳಗೆ ಗ್ರೀಸ್ ಇರ್ಲೇಬೇಕು, ಇಲ್ಲಿಯ ಜುಲೈ ಮಳೆಗೆ ಗ್ರೀಸ್ ತೊಳೆದು ಹೋಗಿ ಮಣ್ಣು ಹೊಕ್ತು ಅಂದ್ರೆ ಪ್ರತಿ ಹಂಪಲ್ಲೂ ಕಿರ್ರ್ ಅಂತದೆ. ತಿರುವಲ್ಲಿ ಗಾಡಿ ವಾಲದ ಹಾಗೆ ತಡೆಯೋ ಆಂಟಿ ರೋಲ್ ಬಾರಿಗೆ ಹಾಕ್ಸಿ, ಅಡ್ಡಿಲ್ಲ. ಆದ್ರೆ ಹಿಂದಿನ ಪಾಟಾದ ಕಣ್ಣಿಗೆ (ತುದಿಯ ಸುರುಳಿ ತೂತಿಗೆ) ತೀರಾ ಗಟ್ಟಿ ಬುಶ್ ಬೇಡ ಮಾರಾಯ್ರೆ. ಒಂದು ಚಕ್ರ ಹೊಂಡಕ್ಕೆ ಇಳಿದು ಇನ್ನೊಂದು ಮೇಲಿದ್ದಾಗ ಪಾಟಾ ಸ್ವಲ್ಪ ತಿರುಚ್ಕೊಳ್ಬೇಕು, ಬುಶ್ ಬಿಡದೇ ಹೋದ್ರೆ ಹಿಂಬದಿ ಬಿಗೀತದೆ, ಒದ್ದೆ ರಸ್ತೇಲಿ ಹಿಡಿತ ತಪ್ತದೆ.

ಇನ್ನೊಂದು, ರಬ್ಬರ್ ಬುಶ್ಶಿನ ನಟ್ ಟೈಟ್ ಮಾಡೋದು ಗಾಡಿ ನಾಲ್ಕು ಚಕ್ರದ ಮೇಲೆ ನೆಲದಲ್ಲಿ ನಿಂತಾಗ. ಜಾಕಿ ಮೇಲೆ ಚಕ್ರ ನೇತಾಡ್ತಿದ್ದಾಗಲೇ ಟೈಟ್ ಮಾಡಿದ್ರೆ ಇಳಿಸಿದ ಕೂಡ್ಲೆ ರಬ್ಬರ್ ತಿರುಚಿದ ಸ್ಥಿತಿಲೇ ಕೂರ್ತದೆ, ಬೇಗ ಹರೀತದೆ, ಗಾಡಿ ಎತ್ತರಾನೂ ಸುಳ್ಳು ತೋರಿಸ್ತದೆ. ಹೊಸ ಬುಶ್ ಹಾಕ್ಸಿ ಸ್ವಲ್ಪ ದಿನಕ್ಕೇ ಕಿತ್ತೋಯ್ತು, ಮಾಲ್ ಸರಿ ಇಲ್ಲ ಹೇಳಿ ಬೈಯೋರಿಗೆ ನಾನು ಮೊದ್ಲು ಕೇಳೋದು ಇದನ್ನೇ.

ಶಾಕಿಗೆ ಬರುವಾ. ಎಂಜಿಬಿ ಮುಂದಿನ ಲಿವರ್ ಶಾಕ್ ಬರೀ ಶಾಕಲ್ಲ, ಅದರ ಕೈಯೇ ಮೇಲಿನ ವಿಶ್‌ಬೋನ್. ಒಳಗಿನ ಶಾಫ್ಟ್ ಬೇರಿಂಗ್ ಸವೆದ್ರೆ ಜಂಪಿಂಗ್ ಜೊತೆಗೆ ಚಕ್ರಾನೂ ವಾಲ್ತದೆ. ಬಾನೆಟ್ ಒತ್ತಿ ಬಿಟ್ಟು ಚೆಕ್ ಮಾಡೋದ್ರಲ್ಲಿ ನನಗೆ ನಂಬಿಕೆ ಕಮ್ಮಿ, ಬಿಗಿದ ಬುಶ್ಶೂ ಗಾಡಿನ ಕುಣೀದೇ ಇರೋ ಹಾಗೆ ತಡೀತದಲ್ಲ. ಹಿಂದಿನದ್ದಾದ್ರೆ ಲಿವರನ್ನ ಹೌಸಿಂಗಿಗೆ ಸೇರಿಸೋ ಲಿಂಕ್ ಬಿಚ್ಚಿ ಕೈಯಲ್ಲೇ ಲಿವರ್ ಮೇಲೆ ಕೆಳಗೆ ಆಡ್ಸಿ ನೋಡಿ, ಪೂರ್ತಿ ಓಟದಲ್ಲಿ ಒಂದೇ ಸಮ ತಡೀಬೇಕು, ನಡುವೆ ಸಡ್ಲ ಸಿಕ್ಕಿದ್ರೆ ಗಾಳಿ ಹೊಕ್ಕಿದೆ ಇಲ್ಲಾ ಆಯಿಲ್ ಇಳಿದಿದೆ. ಆಯಿಲ್ ತುಂಬೋ ಮುಂಚೆ ಮುಚ್ಚಳದ ಸುತ್ತ ಬ್ರಷ್ ಹಾಕಿ ಚೆನ್ನಾಗಿ ಒರೆಸಿ, ನಮ್ಮ ಕೆಂಪು ಧೂಳು ವಾಲ್ವಿಗೆ ಇಳಿದ್ರೆ ಮುಗೀತು. ಬ್ರೇಕ್ ಆಯಿಲ್ ಮಾತ್ರ ಹಾಕ್ಬೇಡಿ.

ಸೀಲಿಂದ ಸೋರ್ತಾ ಇದ್ರೆ ರೀಕಂಡಿಷನ್ ಮಾಡಿದ್ದು ತರ್ಸಿ. ಲಿವರ್ ಶಾಕಿನ ಬದ್ಲು ಕೊಳವೆ ಥರದ ಉದ್ದ ಶಾಕ್ ಕಿಟ್ ಹಾಕೋದಾದ್ರೆ ಒಂದು ವಿಷಯ ನೋಡ್ಕೊಳ್ಳಿ, ಕೆಲವು ಕಿಟ್ಟಲ್ಲಿ ಹಳೇ ಲಿವರ್ ಬಾಡಿ ಮೇಲಿನ ಕೈಯಾಗಿ ಅಲ್ಲೇ ಉಳೀತದೆ, ಆವಾಗ ಸವೆದ ಬೇರಿಂಗ್ ಹಂಗೇ ಉಳಿದು ದುಡ್ಡು ಹೋದದ್ದೇ ಬಂತು. ಶಾಕ್ ತೀರಾ ಗಟ್ಟಿ ಆದ್ರೂ ಕಷ್ಟ, ಸಾಲಾಗಿ ಹೊಂಡ ಬಂದಾಗ ಒಂದರಲ್ಲಿ ಮೇಲೆ ಹೋದ ಚಕ್ರ ವಾಪಸ್ ಇಳಿಯೋದ್ರೊಳಗೆ ಇನ್ನೊಂದು ಬಂದಿರ್ತದೆ.

ಈಗ ಸ್ಪ್ರಿಂಗು. ಗಾಡಿ ಒಂದು ಬದಿ ಕೂತಿದೆ ಅಂದ್ಕೂಡ್ಲೆ ಸ್ಪ್ರಿಂಗ್ ಮೆತ್ತಗಾಯ್ತು ಅಂತಾರೆ. ಕೂತ ಸ್ಪ್ರಿಂಗಿನ ಉದ್ದ ಕಮ್ಮಿ ಆಗಿರ್ತದೆ, ಗಟ್ಟಿತನ ಹೆಚ್ಚುಕಮ್ಮಿ ಅಷ್ಟೇ ಇರ್ತದೆ, ಹಾಗಾಗಿ ಕಂಪನಿ ಅಳತೆಯ ಹೊಸ ಜೋಡಿ ಹಾಕಿದ್ರೆ ಸಾಕು. ಗಟ್ಟಿತನ ತಂತಿ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರ್ತದೆ, 10 ಪರ್ಸೆಂಟ್ ದಪ್ಪ ತಂತಿ ಅಂದ್ರೆ 46 ಪರ್ಸೆಂಟ್ ಗಟ್ಟಿ ಸ್ಪ್ರಿಂಗು, ಕಣ್ಣಿಗೆ ಎರಡೂ ಒಂದೇ ಥರ ಕಾಣ್ತದೆ. ಸುತ್ತು ಕಟ್ ಮಾಡಿದ್ರೂ ಉಳಿದ ಸ್ಪ್ರಿಂಗ್ ಗಟ್ಟಿಯಾಗ್ತದೆ, ಮೇಲಿಂದ ತುದಿ ಸೀಟಲ್ಲಿ ಸರಿಯಾಗಿ ಕೂರೋದಿಲ್ಲ. 1974ರ ಕೊನೆಗೆ ಬಂದ ರಬ್ಬರ್ ಬಂಪರ್ ಎಂಜಿಬಿ ಹಳೇದಕ್ಕಿಂತ ಸುಮಾರು ಒಂದೂವರೆ ಇಂಚು ಎತ್ತರ, ಅದನ್ನ ಇಳಿಸ್ಬೇಕು ಹೇಳೋರು ಜಾಸ್ತಿ. ಆದ್ರೆ ಶಿರಸಿ ಕಡೆ ಹಂಪಿಗೆ ಆ ಒಂದೂವರೆ ಇಂಚು ಸೈಲೆನ್ಸರ್ ಉಳಿಸ್ತದೆ, ನನ್ನ ಕೇಳಿದ್ರೆ ಬಿಟ್ಬಿಡಿ ಅಂತೇನೆ.

ಪಾಟಾ ಬೆಂಕೀಲಿ ಕಾಯ್ಸಿ ಬಗ್ಗಿಸ್ಬೇಡಿ, ಹದ ಹೋಗ್ತದೆ. ಕಾರವಾರ, ಅಂಕೋಲಾ ಕಡೆ ಸಮುದ್ರದ ಹತ್ರ ಗಾಡಿ ನಿಲ್ಸೋರು ಕಾಯಿಲ್ ಮೇಲೆ ಪೇಂಟ್ ಎದ್ದಿದ್ಯಾ ನೋಡ್ತಾ ಇರಿ, ತುಕ್ಕು ತಿಂದ ಸಣ್ಣ ಗುಳಿಯಿಂದಲೇ ಬಿರುಕು ಶುರು ಆಗೋದು. ಮದ್ರಾಸಲ್ಲಿ ಮಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಕೊಂಡವ್ರಿಗೂ, ಅದೇ ಚಾಸಿಸ್ ಗಿಡ್ಡ ಮಾಡಿ ಕಟ್ಟಿದ ಟ್ರಯಂಫ್ ಸ್ಪಿಟ್‌ಫೈರ್ ಇದ್ದವ್ರಿಗೂ ಒಂದು ಮಾತು, ಮುಂದಿನ ಸ್ಪ್ರಿಂಗ್ ಶಾಕ್ ಮೇಲೇ ಕೂತಿರ್ತದೆ, ಸ್ಪ್ರಿಂಗ್ ಒತ್ತಿ ಹಿಡಿಯೋ ಕಂಪ್ರೆಸರ್ ಇಲ್ಲದೇ ಮೇಲಿನ ನಟ್ ಮುಟ್ಬೇಡಿ, ಹಾರಿದ್ರೆ ಮುಖಕ್ಕೇ.

ಎಲ್ಲ ಹಾಕಿ ಆದ್ಮೇಲೆ ಎತ್ತರ ಅಳೆಯೋದು ಚಕ್ರದ ನಡುವಿಂದ ಮಡ್‌ಗಾರ್ಡ್ ಅಂಚಿಗೆ, ನೆಲದಿಂದ ಅಳೆದ್ರೆ ಟಯರಿನ ಗಾಳಿ ಲೆಕ್ಕ ತಪ್ಪಿಸ್ತದೆ. ಒಂದಿಷ್ಟು ದಿನ ಓಡ್ಸಿ ಸ್ಪ್ರಿಂಗ್ ಕೂತ್ಮೇಲೆ ಪಾಟಾನ ಹೌಸಿಂಗಿಗೆ ಬಿಗಿಯೋ ಹಿಂದಿನ ಯು ಬೋಲ್ಟ್ ಇನ್ನೊಂದ್ಸಲ ಟೈಟ್ ಮಾಡಿ, ಅಲೈನ್‌ಮೆಂಟ್ ಮಾಡ್ಸೋದು ಅದಾದ್ಮೇಲೆ, ಮುಂಚೆ ಮಾಡಿಸಿದ್ರೆ ಎರಡು ಸಲ ದುಡ್ಡು. ಎಂಜಿಬಿಲಿ ಅಡ್ಜಸ್ಟ್ ಆಗೋದು ಟೋ (ಮುಂದಿನ ಚಕ್ರ ಒಳಗೆ ಹೊರಗೆ ತಿರುಗಿರೋದು) ಒಂದೇ, ಕ್ಯಾಂಬರ್ (ಚಕ್ರ ಮೇಲಿಂದ ವಾಲಿರೋದು) ಔಟ್ ಇದೆ ಹೇಳಿ ಮೆಷಿನ್ ತೋರಿಸಿದ್ರೆ ಅಲೈನ್‌ಮೆಂಟ್ ಹುಡುಗನ ಹತ್ರ ಜಗಳ ಮಾಡ್ಬೇಡಿ, ಗಾಡಿ ವಾಪಸ್ ತನ್ನಿ, ಶಾಕಿನ ಬೇರಿಂಗ್ ಬಿಚ್ಚಿ ನೋಡುವಾ.